ಎಸೆಯುವವನು ದೊಡ್ಡವನೋ, ಹಿಡಿಯುವವನು ದೊಡ್ಡವನೋ? ಅಳಿಯನ ಜೊತೆ ಬಾಜಿ ಕಟ್ಟಿದ್ದೇನೆ

ಜೀನ್ಸ್ ಮಾಮ, ಬಳ್ಳಾರಿ:

ನಮಸ್ಕಾರ. ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ಜೀನ್ಸ್ ಯುನಿಟ್ ಇದೆ. ಹದಿನಾಲ್ಕು ಮಷೀನು, ಒಬ್ಬ ಕಟಿಂಗ್ ಮಾಸ್ಟರ್. ಅಮೆರಿಕದ ಫುಟ್‌ಬಾಲ್ ಬಗ್ಗೆ ಇಲ್ಲಿ ಕೇಳಿದರೆ ಯಾರಾದರೂ ಉತ್ತರ ಕೊಡುತ್ತೀರೋ ಇಲ್ಲವೋ ಗೊತ್ತಿಲ್ಲ. ಆದರೂ ಕೇಳುತ್ತೇನೆ, ಬಾಜಿ ಕಟ್ಟಿಬಿಟ್ಟಿದ್ದೇನೆ.

ಅಕ್ಕನ ಮಗ ಓದಲಿಕ್ಕೆ ಅಂತ ಸಿನ್ಸಿನಾಟಿಗೆ ಹೋಗಿ ಮೂರು ವರ್ಷ ಆಯಿತು. ಮೊದಲ ವರ್ಷ ಫೋನ್ ಮಾಡಿದರೆ ಚಳಿ, ಅಡುಗೆ, ಬಾಡಿಗೆ ಇಷ್ಟೇ ಮಾತು. ಈಗ ಅಲ್ಲಿನ ಫುಟ್‌ಬಾಲ್ ತಂಡ ಬೆಂಗಾಲ್ಸ್ ಬಿಟ್ಟರೆ ಬೇರೆ ಮಾತಿಲ್ಲ. ಅದು ‘ನಮ್ಮೂರ ತಂಡ’ ಅಂತೆ. ನಿಮ್ಮೂರು ಬಳ್ಳಾರಿ ಕಣೋ ಅಂದರೆ ನಗುತ್ತಾನೆ. ಅವನ ಕಾಟಕ್ಕೆ ನಾನೂ ನೋಡಲು ಶುರು ಮಾಡಿದೆ. ಭಾನುವಾರ ಮಧ್ಯಾಹ್ನ ಒಂದಕ್ಕೆ ಅಲ್ಲಿ ಆಟ ಶುರುವಾದರೆ ನಮಗೆ ರಾತ್ರಿ ಹತ್ತೂವರೆ. ನವೆಂಬರ್‌ನಲ್ಲಿ ಅವರು ಗಡಿಯಾರ ತಿರುಗಿಸಿದ ಮೇಲೆ ಹನ್ನೊಂದೂವರೆ. ಆರ್ಡರ್ ಇದ್ದಾಗ ಯುನಿಟ್‌ನಲ್ಲೇ ಇರುತ್ತೇನೆ. ಒಗ್ಗರಣೆ ಮಂಡಕ್ಕಿ, ನಾಲ್ಕು ಮಿರ್ಚಿ ಕಟ್ಟಿಸಿಕೊಂಡು ಬಂದು, ಫೋನನ್ನು ದಾರದ ಕೋನ್‌ಗೆ ಒರಗಿಸಿ ನೋಡುವುದು ಈಗ ಚಟವೇ ಆಗಿದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದೊಂದು ಕಡೆ ಹನ್ನೊಂದು ಜನ. ನಾಲ್ಕು ಸಲದೊಳಗೆ ಹತ್ತು ಗಜ ಮುಂದೆ ಹೋಗಬೇಕು. ನಮ್ಮ ಬಟ್ಟೆಯವರ ಗಜವೇ, ಮೂರು ಅಡಿ. ಹೋಗದಿದ್ದರೆ ಬಾಲ್ ಎದುರಾಳಿಗೆ. ಕ್ವಾರ್ಟರ್‌ಬ್ಯಾಕ್ ಅಂದ್ರೆ ಬಾಲ್ ಎಸೆಯುವವನು. ವೈಡ್ ರಿಸೀವರ್ ಅಂದ್ರೆ ಅಂಚಿನಿಂದ ಓಡಿಹೋಗಿ ಅದನ್ನು ಹಿಡಿಯುವವನು. ಎಸೆಯಲು ಸಿಗುವುದು ಎರಡೂವರೆ, ಮೂರು ಸೆಕೆಂಡು. ಅಷ್ಟರಲ್ಲಿ ಎದುರು ತಂಡದ ಧಡಿಯರು ಮೈಮೇಲೆ ಬಂದಿರುತ್ತಾರೆ.

ಈಗ ಜಗಳ ಏನು ಅಂದ್ರೆ, ಬೆಂಗಾಲ್ಸ್ ಕ್ವಾರ್ಟರ್‌ಬ್ಯಾಕ್ ಹೆಸರು ಜೋ ಬರೋ. ರಿಸೀವರ್ ಜಮಾರ್ ಚೇಸ್. (ನಮ್ಮ ಅಕ್ಕ ಒಂದು ದಿನ ಸಿಟ್ಟಿಗೆದ್ದು ಮಗನಿಗೆ ಹೇಳಿದಳು: “ಆ ಬರೋನ ಬಿಟ್ಟು ನೀನು ಮನೆಗೆ ಬಾರೋ.”) ಅಳಿಯನ ಪ್ರಕಾರ ಬರೋ ಇಲ್ಲದಿದ್ದರೆ ಚೇಸ್ ಸುಮ್ನೆ ಓಡಿ ಓಡಿ ವಾಪಸ್ ಬರಬೇಕು. ನಾನು ಹೇಳುವುದು ಉಲ್ಟಾ. ಹಿಡಿಯುವವನು ಇಲ್ಲದಿದ್ದರೆ ಎಸೆಯುವವನು ಬಾಲನ್ನು ಮಡಿಲಲ್ಲಿ ಇಟ್ಟುಕೊಂಡು ಕೂರಬೇಕು.

ನನ್ನ ಹತ್ತಿರ ಲೆಕ್ಕ ಇದೆ. ಇಬ್ಬರೂ 2019ರಲ್ಲಿ ಲೂಸಿಯಾನದ ಎಲ್‌ಎಸ್‌ಯು ಕಾಲೇಜು ತಂಡದಲ್ಲಿ ಒಟ್ಟಿಗೆ ಆಡಿ ಚಾಂಪಿಯನ್ ಆದವರು. 2020ರ ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದು) ಬೆಂಗಾಲ್ಸ್ ಬರೋನನ್ನು ಎಲ್ಲರಿಗಿಂತ ಮೊದಲು ತೆಗೆದುಕೊಂಡಿತು. ಆ ವರ್ಷ ತಂಡ ಗೆದ್ದದ್ದು 4, ಸೋತದ್ದು 11, ಒಂದು ಸಮ. 2021ರಲ್ಲಿ ಐದನೇ ಆಯ್ಕೆಯಾಗಿ ಚೇಸ್ ಬಂದ. ಬಾಲ್ ಹಿಡಿದು 1,455 ಗಜ, 13 ಟಚ್‌ಡೌನ್ (ಬಾಲನ್ನು ಎದುರಾಳಿಯ ಗೆರೆ ದಾಟಿಸಿ ಅಂಕ ತರುವುದು). ತಂಡ ನೆಟ್ಟಗೆ ಸೂಪರ್ ಬೌಲ್‌ಗೆ, ಅಂದ್ರೆ ಫೈನಲ್‌ಗೆ ಹೋಯಿತು. ಹೋಗಿ ಸೋತಿತು, ಆ ಮಾತು ಬೇರೆ.

ಅಳಿಯ ಬಿಡುತ್ತಾನಾ? 2020ರಲ್ಲಿ ಬರೋ ಮೊಣಕಾಲಿಗೆ ಪೆಟ್ಟಾಗಿ ನವೆಂಬರ್‌ನಲ್ಲೇ ಹೊರಗೆ ಹೋಗಿದ್ದ, ಅದನ್ನೂ ಲೆಕ್ಕಕ್ಕೆ ಹಿಡಿ ಮಾಮ ಅಂದ. ಆಮೇಲೆ 2024 ತೆಗೆದ. ಆ ವರ್ಷ ಚೇಸ್ 127 ಬಾಲ್ ಹಿಡಿದು 1,708 ಗಜ, 17 ಟಚ್‌ಡೌನ್ ಮಾಡಿ ಮೂರರಲ್ಲೂ ಲೀಗ್‌ಗೇ ಮೊದಲು. ತಂಡ 9 ಗೆದ್ದು 8 ಸೋತು ಪ್ಲೇಆಫ್‌ಗೇ ಹೋಗಲಿಲ್ಲ. “ನೋಡಿದ್ಯಾ, ನಿನ್ನ ರಿಸೀವರ್ ಏನು ಮಾಡಿದ?” ಅಂದ. ಅದೇ ವರ್ಷ ಬರೋ 4,918 ಗಜ, 43 ಟಚ್‌ಡೌನ್ ಎಸೆದು ಲೀಗ್‌ಗೇ ಮೊದಲಿದ್ದನಲ್ಲ, ಅವನೇನು ಮಾಡಿದ ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು.

ಬಾಜಿ ಇಷ್ಟು. ನಾನು ಸೋತರೆ ಎರಡು ಜೀನ್ಸ್ ಪ್ಯಾಂಟ್, ಒಂದು ಡಬ್ಬಿ ಶೇಂಗಾ ಹೋಳಿಗೆ ಕೊರಿಯರ್ ಮಾಡಬೇಕು. ಅವನು ಸೋತರೆ ಈ ಸಲ ಕನಕದುರ್ಗಮ್ಮನ ಸಿಡಿಬಂಡಿ ಉತ್ಸವಕ್ಕೆ ಊರಿಗೆ ಬರಬೇಕು. ಬಲ್ಲವರು ಹೇಳಿ. ಯಾರ ಗೆಲುವಿಗೆ ಯಾರು ಜಾಸ್ತಿ ಬೇಕು?

ರಾತ್ರಿಪಾಳಿ, ಕೊಪ್ಪಳ:

ಸೋತಿರಿ ಅಣ್ಣಾ. ಹೋಳಿಗೆ ಕಟ್ಟಿಸಿ.

ಕ್ವಾರ್ಟರ್‌ಬ್ಯಾಕ್ ಪ್ರತಿ ಸಲ ಬಾಲ್ ಮುಟ್ಟುತ್ತಾನೆ. ಎಷ್ಟು ದೊಡ್ಡ ರಿಸೀವರ್ ಆದರೂ ಒಂದು ಮ್ಯಾಚಿನಲ್ಲಿ ಅವನ ಕಡೆ ಬರುವುದು ಹತ್ತು ಹನ್ನೆರಡು ಬಾಲ್. ಉಳಿದ ಹೊತ್ತೆಲ್ಲ ಓಡುವುದು, ಎದುರಿನವನನ್ನು ತಡೆಯುವುದು, ಇಷ್ಟೇ ಕೆಲಸ. ಎನ್‌ಎಫ್‌ಎಲ್ ಅನ್ನುವ ಈ ಲೀಗ್‌ನಲ್ಲಿ ಇವತ್ತಿನವರೆಗೆ ಒಬ್ಬನೇ ಒಬ್ಬ ವೈಡ್ ರಿಸೀವರ್‌ಗೂ ಎಂವಿಪಿ, ಅಂದ್ರೆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ ಬಂದಿಲ್ಲ. ಜೆರ್ರಿ ರೈಸ್ 1987ರಲ್ಲಿ ಬರೀ 12 ಮ್ಯಾಚಿನಲ್ಲಿ 22 ಟಚ್‌ಡೌನ್ ಹಿಡಿದ. ಆಗಲೂ ಅದನ್ನು ಕೊಟ್ಟದ್ದು ಜಾನ್ ಎಲ್ವೇ ಅನ್ನುವ ಕ್ವಾರ್ಟರ್‌ಬ್ಯಾಕ್‌ಗೆ. ಇನ್ನೇನು ಸಾಕ್ಷಿ ಬೇಕು?

ನಾನು ಪಾಳಿ ಮುಗಿಸಿ ಬಂದು ಸೋಮವಾರ ಬೆಳಿಗ್ಗೆ ಹೈಲೈಟ್ಸ್ ಮಾತ್ರ ನೋಡುವವನು. ಅದರಲ್ಲಿ ಹಿಡಿದದ್ದೇ ಕಾಣುತ್ತದೆ, ಎಸೆದದ್ದು ಕಾಣುವುದಿಲ್ಲ. ನಿಮಗೂ ಹಾಗೇ ಆಗಿರಬೇಕು.

ಹಳೇ ಲಿಫ್ಟರ್, ಸಿಂಧನೂರು:

ಕೊಪ್ಪಳದ ತಮ್ಮಾ, ಪ್ರಶಸ್ತಿ ಲೆಕ್ಕ ಬಿಡು. ವಾಲಿಬಾಲ್‌ನಲ್ಲಿ ಹೊಡೆಯುವವನಿಗೆ ಬಾಲ್ ಎತ್ತಿಕೊಡುವ ಲಿಫ್ಟರ್‌ಗೆ ಯಾರಾದರೂ ಹಾರ ಹಾಕಿದ್ದು ನೋಡಿದ್ದೀಯಾ? ಹಾರ ಶಾಟ್ ಹೊಡೆದವನಿಗೆ. ಅಮೆರಿಕದಲ್ಲಿ ಅದು ಉಲ್ಟಾ ಆಗಿದೆ ಅಷ್ಟೇ.

ನಾನು ದೈಹಿಕ ಶಿಕ್ಷಕ. ಹದಿನಾರನೇ ವಯಸ್ಸಿನಿಂದ ಇಪ್ಪತ್ತೆರಡು ವರ್ಷ ಲಿಫ್ಟರ್ ಆಗಿ ಆಡಿದ್ದೇನೆ. ಜಾತ್ರೆ ಟೂರ್ನಿ, ರಾತ್ರಿ ಲೈಟಿನ ಕೆಳಗಿನ ಟೂರ್ನಿ, ಕಾಲುವೆ ಪಕ್ಕದ ಕ್ಯಾಂಪುಗಳ ಟೂರ್ನಿ, ಎಲ್ಲಾ ಕಡೆ. ಈ ಅಮೆರಿಕದ ಆಟ ನನಗೆ ಹತ್ತಿರ ಆದದ್ದೇ ಆ ಕಾರಣಕ್ಕೆ. ಕ್ವಾರ್ಟರ್‌ಬ್ಯಾಕ್ ಅಂದ್ರೆ ಲಿಫ್ಟರ್, ರಿಸೀವರ್ ಅಂದ್ರೆ ಸ್ಮ್ಯಾಷರ್. ಲಿಫ್ಟ್ ಎತ್ತುವಾಗ ಸ್ಮ್ಯಾಷರ್ ಇನ್ನೂ ನೆಲದ ಮೇಲೇ ಇರುತ್ತಾನೆ. ಅವನು ಎಲ್ಲಿ ಇದ್ದಾನೋ ಅಲ್ಲಿಗಲ್ಲ, ಎಲ್ಲಿಗೆ ಹಾರುತ್ತಾನೋ ಅಲ್ಲಿಗೆ ಬಾಲ್ ಇಡಬೇಕು. ಕ್ವಾರ್ಟರ್‌ಬ್ಯಾಕ್ ಕೂಡ ಎಷ್ಟೋ ಸಲ ರಿಸೀವರ್ ತಿರುಗುವ ಮೊದಲೇ ಎಸೆದಿರುತ್ತಾನೆ. ತಿರುಗಿದರೆ ಬಾಲ್ ಮೂಗಿನ ಮುಂದೆ. ಇನ್ನೂ ಒಂದು ಇದೆ. ಕೆಲವು ಓಟಗಳಲ್ಲಿ ಎದುರಿನವನು ನಿಂತ ರೀತಿ ನೋಡಿ ರಿಸೀವರ್ ಅರ್ಧ ದಾರಿಯಲ್ಲಿ ದಿಕ್ಕು ಬದಲಿಸುತ್ತಾನೆ. ಕ್ವಾರ್ಟರ್‌ಬ್ಯಾಕ್ ಕೂಡ ಆ ಕ್ಷಣಕ್ಕೆ ಅದನ್ನೇ ನೋಡಿರಬೇಕು. ಒಬ್ಬ ಎಡ ಅಂದುಕೊಂಡು ಇನ್ನೊಬ್ಬ ಬಲ ಅಂದುಕೊಂಡರೆ ಬಾಲ್ ಎದುರಾಳಿ ಕೈಗೆ. ಪೇಟನ್ ಮ್ಯಾನಿಂಗ್, ಮಾರ್ವಿನ್ ಹ್ಯಾರಿಸನ್ ಜೋಡಿ 112 ಟಚ್‌ಡೌನ್ ಮಾಡಿದ್ದು ಇಂಥ ಒಗ್ಗಟ್ಟಿನಿಂದ.

ಹಾಗಾದರೆ ಯಾರು ದೊಡ್ಡವರು? ನಾನು ನೋಡುವುದು ಜೋಡಿ ಬೇರೆಯಾದ ಮೇಲೆ. ಗಂಡ ಹೆಂಡತಿ ಒಟ್ಟಿಗೆ ಇರುವಾಗ ಮನೆ ಯಾರಿಂದ ನಡೆಯುತ್ತದೆ ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ಒಬ್ಬರು ತವರಿಗೆ ಹೋದಾಗ ತಿಳಿಯುತ್ತದೆ.

2007ರಲ್ಲಿ ಟಾಮ್ ಬ್ರೇಡಿ, ರ‍್ಯಾಂಡಿ ಮಾಸ್ ಜೋಡಿ ಆಯಿತು. ಬ್ರೇಡಿ 50 ಟಚ್‌ಡೌನ್ ಎಸೆದ, ಅದರಲ್ಲಿ 23 ಮಾಸ್ ಹಿಡಿದ. ತಂಡ 16ಕ್ಕೆ 16 ಗೆದ್ದಿತು. ಸೂಪರ್ ಬೌಲ್ ಮಾತ್ರ 17-14ರಲ್ಲಿ ಸೋತಿತು. ಅದರ ಹಿಂದಿನ ವರ್ಷ ಇದೇ ಮಾಸ್ ಓಕ್ಲೆಂಡ್‌ನಲ್ಲಿ 553 ಗಜ, 3 ಟಚ್‌ಡೌನ್ ಮಾಡಿ ಮೂಲೆಯಲ್ಲಿ ಕೂತಿದ್ದ. ಬ್ರೇಡಿಯೂ ಆ ವರ್ಷ ಎಸೆದದ್ದು 24 ಟಚ್‌ಡೌನ್ ಮಾತ್ರ. ಇಲ್ಲಿಯವರೆಗೆ ಸಮ. 2008ರ ಮೊದಲ ಮ್ಯಾಚಿನಲ್ಲೇ ಬ್ರೇಡಿ ಮೊಣಕಾಲು ಹೋಯಿತು. ಬಂದವನು ಮ್ಯಾಟ್ ಕ್ಯಾಸೆಲ್. ಹೈಸ್ಕೂಲು ಬಿಟ್ಟ ಮೇಲೆ ಒಂದು ಮ್ಯಾಚನ್ನೂ ಶುರುವಿನಿಂದ ಆಡದ ಹುಡುಗ. ಆದರೂ ಮಾಸ್ 1,008 ಗಜ, 11 ಟಚ್‌ಡೌನ್ ಮಾಡಿದ. ತಂಡ 11 ಗೆದ್ದು 5 ಸೋತು ಪ್ಲೇಆಫ್ ತಪ್ಪಿಸಿಕೊಂಡಿತು.

ರಿಸೀವರ್ ಟೈರೀಕ್ ಹಿಲ್ ನೋಡಿ. 2022ರಲ್ಲಿ ಕ್ಯಾನ್ಸಸ್ ಸಿಟಿ ಬಿಟ್ಟು ಮಯಾಮಿಗೆ ಹೋದ. ಹೋದವನೇ 1,710 ಗಜ, ಮುಂದಿನ ವರ್ಷ 1,799. ಅವನ ಅಂಕಿಗೆ ಏನೂ ಆಗಲಿಲ್ಲ. ಇತ್ತ ಪ್ಯಾಟ್ರಿಕ್ ಮಹೋಮ್ಸ್ ಅವನಿಲ್ಲದೆ 5,250 ಗಜ, 41 ಟಚ್‌ಡೌನ್ ಎಸೆದ. ಆ ಎರಡೂ ವರ್ಷ ಸೂಪರ್ ಬೌಲ್ ಅವನದೇ. 2024ರ ಜನವರಿಯಲ್ಲಿ ಇಬ್ಬರೂ ಎದುರುಬದುರಾದರು. ಕ್ಯಾನ್ಸಸ್ ಸಿಟಿಯಲ್ಲಿ ಮೈನಸ್ 20 ಡಿಗ್ರಿ. ರಾಯಚೂರಿನ ಬೇಸಿಗೆ ಕಂಡ ನನಗೆ ಟಿವಿ ನೋಡಿಯೇ ಕೈ ಮರಗಟ್ಟಿತು. ಮಯಾಮಿಯ ಒಂದೇ ಒಂದು ಟಚ್‌ಡೌನ್ ಹಿಲ್ ಮಾಡಿದ. ಮ್ಯಾಚ್ 26-7ರಲ್ಲಿ ಮಹೋಮ್ಸ್ ಗೆದ್ದ.

ನನಗೆ ಕಾಣುವುದು ಇದು. ಕ್ವಾರ್ಟರ್‌ಬ್ಯಾಕ್ ಹೋದರೆ ರಿಸೀವರ್‌ಗೆ ಅಂಕಿ ಉಳಿಯುತ್ತದೆ, ಗೆಲುವು ಹೋಗುತ್ತದೆ. ರಿಸೀವರ್ ಹೋದರೆ ಒಳ್ಳೇ ಕ್ವಾರ್ಟರ್‌ಬ್ಯಾಕ್‌ಗೆ ಗೆಲುವು ಉಳಿಯುತ್ತದೆ.

ಆದರೆ ‘ಒಳ್ಳೇ’ ಅನ್ನುವ ಮಾತು ನೋಡಿ, ಅಲ್ಲೇ ಗಂಟು ಇರುವುದು. ಆ ಒಳ್ಳೆಯವನನ್ನು ಮೊದಲು ಒಳ್ಳೆಯವನು ಮಾಡಿದ್ದು ಯಾರು?

ನನ್ನ ಕಥೆ ಹೇಳುತ್ತೇನೆ. ಹದಿನಾರರಲ್ಲಿ ನನ್ನ ಲಿಫ್ಟ್ ನೆಟ್ಟಿಗೆ ಒಂದು ಅಡಿ ದೂರ ಬೀಳುತ್ತಿತ್ತು, ಇಲ್ಲವೇ ನೆಟ್ಟಿನ ಮೇಲೇ ಹೋಗುತ್ತಿತ್ತು. ನಮ್ಮ ಸ್ಮ್ಯಾಷರ್ ಒಬ್ಬ ಟ್ರ್ಯಾಕ್ಟರ್ ಡ್ರೈವರ್, ಆರಡಿ ಎರಡಿಂಚು. ಎಲ್ಲಿ ಬಿದ್ದರೂ ಹೊಡೆಯುತ್ತಿದ್ದ. ಹಿಂದೆ ಬಿದ್ದರೆ ಕುತ್ತಿಗೆ ತಿರುಗಿಸಿ, ತಗ್ಗಾದರೆ ಎಡಗೈಯಲ್ಲಿ. ಜನ ನನ್ನನ್ನು “ಏನು ಲಿಫ್ಟ್ ಮಾರಾಯ” ಅಂತ ಹೊಗಳಿದರು. ನಾನೂ ನಂಬಿದೆ. ನಂಬಿದ್ದರಿಂದ ಕೈ ನಡುಗುವುದು ನಿಂತಿತು. ಎರಡು ವರ್ಷ ಆದಮೇಲೆ ಅವನು ಕೆಲಸಕ್ಕೆ ಅಂತ ಊರು ಬಿಟ್ಟ. ಹೊಸ ಸ್ಮ್ಯಾಷರ್ ನನ್ನಷ್ಟೇ ಎತ್ತರ. ಮೊದಲ ಟೂರ್ನಿಯಲ್ಲೇ ನನ್ನ ಬಂಡವಾಳ ಬಯಲಾಯಿತು. ಆದರೆ ಅಷ್ಟು ಹೊತ್ತಿಗೆ ಧೈರ್ಯ ಬಂದಿತ್ತು, ಹಾಗಾಗಿ ಕಲಿತುಕೊಂಡೆ. ಆ ಡ್ರೈವರ್ ಇಲ್ಲದಿದ್ದರೆ ನನ್ನನ್ನು ಮೊದಲ ವರ್ಷವೇ ತಂಡದಿಂದ ಕಿತ್ತು ಹಾಕುತ್ತಿದ್ದರು.

ಬಫಲೋದ ಜಾಶ್ ಆಲನ್‌ಗೆ ಆದದ್ದೂ ಇದೇ. 2019ರಲ್ಲಿ ಅವನು ಎಸೆದ ನೂರರಲ್ಲಿ ಗುರಿ ಮುಟ್ಟಿದ್ದು 59ರ ಹತ್ತಿರ. 2020ರಲ್ಲಿ ಸ್ಟೆಫಾನ್ ಡಿಗ್ಸ್ ಬಂದ, ಅದು 69ಕ್ಕೆ ಹತ್ತಿತು. ಡಿಗ್ಸ್ 127 ಹಿಡಿದು ಲೀಗ್‌ಗೇ ಮೊದಲು. 2024ರಲ್ಲಿ ಡಿಗ್ಸ್‌ನನ್ನು ಹ್ಯೂಸ್ಟನ್‌ಗೆ ಕಳಿಸಿದರು. ಆಲನ್ ಬಿದ್ದನಾ? ಆ ವರ್ಷವೇ ಎಂವಿಪಿ ತಗೊಂಡ. ಕಲಿಯುವಾಗ ಬೇಕಾದವನು ಕಲಿತ ಮೇಲೆ ಬೇಡವಾದ.

ಬಳ್ಳಾರಿ ಅಣ್ಣಾ, ನಿಮ್ಮ 2021ರ ಲೆಕ್ಕ ಅದಕ್ಕೇ ಸರಿ, ಅಳಿಯನ 2024ರ ಲೆಕ್ಕವೂ ಸರಿ. ಎಳೇ ಕ್ವಾರ್ಟರ್‌ಬ್ಯಾಕ್‌ಗೆ ಬಲಿತ ರಿಸೀವರ್ ಬೇಕು. ಬಲಿತ ಮೇಲೆ ಅವನೇ ಬೇರೆ ಎಳೆಯರನ್ನು ಬೆಳೆಸುತ್ತಾನೆ.

ರಾತ್ರಿಪಾಳಿ, ಕೊಪ್ಪಳ:

ಸರ್, ಆರನ್ ರಾಜರ್ಸ್ ಬಲಿತವನೇ ಅಲ್ವಾ? 2021ರಲ್ಲಿ 37 ಟಚ್‌ಡೌನ್, ಎದುರಾಳಿಗೆ ಕೊಟ್ಟದ್ದು ಬರೀ 4. ಅವನ ರಿಸೀವರ್ ಡವಾಂಟೆ ಆಡಮ್ಸ್ ಬಿಟ್ಟು ಹೋದ ಮೇಲೆ 2022ರಲ್ಲಿ 26, ಎದುರಾಳಿಗೆ 12. ತಂಡ 13 ಗೆಲುವಿನಿಂದ 8ಕ್ಕೆ ಇಳಿಯಿತು. ನನ್ನ ವಾದಕ್ಕೆ ನಾನೇ ಕಲ್ಲು ಹಾಕುತ್ತಿದ್ದೇನೆ, ಇರಲಿ.

ಹಳೇ ಲಿಫ್ಟರ್, ಸಿಂಧನೂರು:

ಆ ವರ್ಷ ಅವನ ಬಲಗೈ ಹೆಬ್ಬೆರಳು ಮುರಿದಿತ್ತು ತಮ್ಮಾ. ಲಿಫ್ಟರ್‌ಗೆ ಹೆಬ್ಬೆರಳು ಅಂದ್ರೆ ಏನು ಅಂತ ನನ್ನನ್ನು ಕೇಳು. ಆದರೂ ನಿನ್ನ ಮಾತು ಪೂರ್ತಿ ತಳ್ಳಿಹಾಕಲ್ಲ. ಆಡಮ್ಸ್ ಹೋದ ಕಡೆ 1,516 ಗಜ, 14 ಟಚ್‌ಡೌನ್ ಮಾಡಿದ. ಆ ತಂಡವೂ 10 ಗೆಲುವಿನಿಂದ 6ಕ್ಕೆ ಬಂತು. ಜೋಡಿ ಮುರಿದು ಇಬ್ಬರೂ ಸೋತರು.

ಜೀನ್ಸ್ ಮಾಮ, ಬಳ್ಳಾರಿ:

ಲಿಫ್ಟರ್ ಸರ್, ನಿಮ್ಮ ಟ್ರ್ಯಾಕ್ಟರ್ ಡ್ರೈವರ್ ನಮ್ಮ ಯುನಿಟ್‌ನಲ್ಲೂ ಇದ್ದಾನೆ. ನಮ್ಮಲ್ಲಿ ಅವಳು ಹೆಣ್ಣುಮಗಳು.

ಮೂರು ವರ್ಷದ ಹಿಂದೆ ಹಳೇ ಕಟಿಂಗ್ ಮಾಸ್ಟರ್ ಬಿಟ್ಟ. ಹೊಸ ಹುಡುಗನನ್ನು ಹಾಕಿಕೊಂಡೆ. ಅವನು ಲೇ ಹಾಸಿ (ಬಟ್ಟೆ ಪದರ ಪದರ ಹಾಸಿ) ಕಟ್ ಮಾಡಿದರೆ ಮೇಲಿನ ಬಟ್ಟೆ ಒಂದು ಅಳತೆ, ಕೆಳಗಿನದು ಇನ್ನೊಂದು ಅಳತೆ. ಮಷೀನಿನವರೆಲ್ಲ ಬಯ್ದರು. ಪೀಸ್ ರೇಟ್ ಕೆಲಸ ನೋಡಿ, ಒಂದು ಪ್ಯಾಂಟಿಗೆ ಎರಡು ನಿಮಿಷ ಜಾಸ್ತಿ ಆದರೂ ಅವರ ಕೂಲಿ ಹೋಯಿತು. ಒಬ್ಬ ಅಕ್ಕ ಮಾತ್ರ ಬಯ್ಯಲಿಲ್ಲ. ತೊಡೆ ಭಾಗದಲ್ಲಿ ಕಾಲಿಂಚು ಹೆಚ್ಚುಕಮ್ಮಿ ಬಂದರೆ ಹೊಲಿಯುತ್ತಲೇ ಎಳೆದು, ತಳ್ಳಿ ಕೂರಿಸುತ್ತಿದ್ದಳು. ವಾಷಿಂಗ್ ಮುಗಿದು ಬಂದ ಮೇಲೆ ನನಗೇ ಗುರುತು ಸಿಗುತ್ತಿರಲಿಲ್ಲ. ಹುಡುಗ ಉಳಿದುಕೊಂಡ. ಈಗ ಅವನ ಕಟಿಂಗ್ ಹೇಗಿದೆ ಅಂದ್ರೆ ಮೊನ್ನೆ ಸೇರಿದ ಹೊಸಬರು ಹೊಲಿದರೂ ಪ್ಯಾಂಟ್ ನೆಟ್ಟಗೆ ನಿಲ್ಲುತ್ತದೆ.

ಇದನ್ನು ಅಳಿಯನಿಗೆ ಹೇಳಿದೆ. “ಮಾಮ, ಹಾಗಾದ್ರೆ ಈಗ ಮಾಸ್ಟರೇ ಮುಖ್ಯ ಅಂತ ಒಪ್ಪಿಕೊಂಡೆ” ಅಂದ. ಅವನನ್ನು ಲಾಯರ್ ಓದಿಸಬೇಕಿತ್ತು.

ಅಂಕಿ ಅಕ್ಕ, ಗಂಗಾವತಿ:

ನಮ್ಮೂರು ಅಕ್ಕಿ ಊರು, ಹಾಗಾಗಿ ನಾನು ಮೊದಲಿನಿಂದ ರೈಸ್ ಪಕ್ಷ. ತಮಾಷೆಗೆ ಹೇಳಿದೆ. ಆದರೆ ಜೆರ್ರಿ ರೈಸ್ ಕಥೆ ಚಂದ ಇದೆ, ಯಾರೂ ಹೇಳಲಿಲ್ಲ. ಅವನ ಅಪ್ಪ ಗೌಂಡಿ. ರಜೆಯಲ್ಲಿ ಅಪ್ಪನ ಕೆಲಸಕ್ಕೆ ಹೋಗಿ, ಅಣ್ಣತಮ್ಮಂದಿರು ಎಸೆದ ಇಟ್ಟಿಗೆ ಹಿಡಿದು ಹಿಡಿದು ಅವನ ಕೈ ಪಳಗಿತು. ಮುಂದೆ ಜೋ ಮೊಂಟಾನ ಎಸೆದದ್ದನ್ನೂ ಹಿಡಿದ, ಮೊಂಟಾನ ಹೋದ ಮೇಲೆ ಸ್ಟೀವ್ ಯಂಗ್ ಎಸೆದದ್ದನ್ನೂ ಹಿಡಿದ. ಒಟ್ಟು 22,895 ಗಜ. ಆ ಕೈ ಯಾವ ಕ್ವಾರ್ಟರ್‌ಬ್ಯಾಕ್ ಕೊಟ್ಟದ್ದು?

ನಾನು ಬಂದದ್ದು ಬೇರೆ ಮಾತಿಗೆ. ಲಿಫ್ಟರ್ ಸರ್ ಹೇಳಿದ ‘ಅಂಕಿ ಒಂದು ಕಡೆ, ಗೆಲುವು ಒಂದು ಕಡೆ’ ಅನ್ನುವುದಕ್ಕೆ ಒಂದೇ ಮನುಷ್ಯನ ಉದಾಹರಣೆ ಇದೆ. ಮ್ಯಾಥ್ಯೂ ಸ್ಟಾಫರ್ಡ್.

2012ರಲ್ಲಿ ಡೆಟ್ರಾಯಿಟ್‌ನಲ್ಲಿ ಅವನು ಎಸೆದದ್ದನ್ನು ಕ್ಯಾಲ್ವಿನ್ ಜಾನ್ಸನ್ ಹಿಡಿದ. 1,964 ಗಜ, ಒಂದು ಸೀಸನ್ನಿನ ದಾಖಲೆ. ತಂಡ ಗೆದ್ದದ್ದು 4, ಸೋತದ್ದು 12. ಅಷ್ಟು ಗಜದಲ್ಲಿ ಜಾನ್ಸನ್ ಮಾಡಿದ ಟಚ್‌ಡೌನ್ ಬರೀ 5 ಅಂದ್ರೆ ನಂಬುತ್ತೀರಾ? 2021ರಲ್ಲಿ ಅದೇ ಸ್ಟಾಫರ್ಡ್ ಲಾಸ್ ಏಂಜಲಿಸ್ ರ‍್ಯಾಮ್ಸ್‌ಗೆ ಬಂದ. ಕೂಪರ್ ಕಪ್ 145 ಹಿಡಿದು 1,947 ಗಜ ಮಾಡಿದ. ದಾಖಲೆಗೆ ಬರೀ 17 ಗಜ ಕಮ್ಮಿ. ಆ ಸಲ ತಂಡ ಸೂಪರ್ ಬೌಲ್ ಗೆದ್ದಿತು. ಅದೂ ಬಳ್ಳಾರಿ ಅಣ್ಣನ ಬೆಂಗಾಲ್ಸ್ ವಿರುದ್ಧ, 23-20. ಗೆಲುವಿನ ಟಚ್‌ಡೌನ್ ಕೂಡ ಕಪ್‌ದೇ.

ಎಸೆದವನು ಒಬ್ಬನೇ. ಗಜ ಹೆಚ್ಚುಕಮ್ಮಿ ಅಷ್ಟೇ. ಒಂದು ಕಡೆ 12 ಸೋಲು, ಇನ್ನೊಂದು ಕಡೆ ಟ್ರೋಫಿ. ಹಾಗಾದರೆ ಇವರಿಬ್ಬರ ಜಗಳದಲ್ಲಿ ನಾವು ಮೂರನೆಯವರನ್ನು ಮರೆತಿದ್ದೇವೆ ಅಲ್ವಾ? ಕ್ವಾರ್ಟರ್‌ಬ್ಯಾಕ್ ಮುಂದೆ ಗೋಡೆ ಹಾಗೆ ನಿಲ್ಲುವ ಐದು ಜನ. ಅವರು ಬಾಲ್ ಎಸೆಯುವುದಿಲ್ಲ, ಹಿಡಿಯುವುದಿಲ್ಲ, ಟಿವಿಯಲ್ಲಿ ಹೆಸರೂ ಬರುವುದಿಲ್ಲ. ತಪ್ಪು ಮಾಡಿದಾಗ ಮಾತ್ರ ಬರುತ್ತದೆ.

2021ರ ಡ್ರಾಫ್ಟ್‌ಗೆ ಮುಂಚೆ ಸಿನ್ಸಿನಾಟಿಯಲ್ಲಿ ನಡೆದ ಜಗಳವೇ ಇದು. ಚೇಸ್ ಬೇಕೋ, ಗೋಡೆಗೆ ಪೆನೇ ಸೂವೆಲ್ ಬೇಕೋ? ಚೇಸ್ ಬಂದ. ಸೂವೆಲ್ ಏಳನೇ ಆಯ್ಕೆಯಾಗಿ ಡೆಟ್ರಾಯಿಟ್‌ಗೆ ಹೋದ. ಆ ಸೀಸನ್‌ನಲ್ಲಿ ಬರೋನನ್ನು ಎಸೆಯುವ ಮೊದಲೇ 51 ಸಲ ಕೆಡವಿದರು, ಲೀಗ್‌ನಲ್ಲೇ ಜಾಸ್ತಿ. ಟೆನೆಸ್ಸಿ ವಿರುದ್ಧ ಪ್ಲೇಆಫ್‌ನಲ್ಲಿ ಒಂದೇ ಮ್ಯಾಚಿಗೆ 9 ಸಲ. ಅದನ್ನೂ ಗೆದ್ದರು. ಸೂಪರ್ ಬೌಲ್‌ನಲ್ಲಿ 7 ಸಲ. ಅಲ್ಲಿ ಸೋತರು. ನಾನಾಗಿದ್ದರೆ ಆಗಲೂ ಚೇಸ್‌ನನ್ನೇ ತೆಗೆದುಕೊಳ್ಳುತ್ತಿದ್ದೆ. ಆದರೆ ಆ ಏಳು ಸಲದಲ್ಲಿ ಎರಡನ್ನು ಯಾರಾದರೂ ತಡೆದಿದ್ದರೆ ಅಣ್ಣ ಇಲ್ಲಿ ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲವೇನೋ.

ಬಾಜಿ ತೀರ್ಪು ನನ್ನನ್ನು ಕೇಳಿದರೆ: ಬರೋ ಇಲ್ಲದೆ ಚೇಸ್ ಏನು ಮಾಡಿದ ಅಂತ ನೋಡಿ. 2023ರಲ್ಲಿ ಬರೋ ಮಣಿಕಟ್ಟಿಗೆ ಪೆಟ್ಟಾಗಿ ನವೆಂಬರ್‌ನಲ್ಲಿ ಹೊರಗೆ ಹೋದ. ಜೇಕ್ ಬ್ರೌನಿಂಗ್ ಅನ್ನುವವನು ಎಸೆಯಲು ನಿಂತ. ಜ್ಯಾಕ್ಸನ್‌ವಿಲ್ ವಿರುದ್ಧ ಚೇಸ್ 149 ಗಜ ಮಾಡಿದ, ಗೆದ್ದರು. ಸೀಸನ್ ಮುಗಿದಾಗ 100 ಬಾಲ್, 1,216 ಗಜ. ಸುಮ್ನೆ ಓಡಿ ಓಡಿ ವಾಪಸ್ ಬಂದಿಲ್ಲ. ಅಳಿಯನ ಆ ಮಾತು ಸುಳ್ಳಾಯಿತು. ಆದರೆ ಪ್ಲೇಆಫ್‌ಗೆ ಹೋಗಲಿಲ್ಲ. ಅಣ್ಣನದೂ ಪೂರ್ತಿ ನಿಜ ಆಗಲಿಲ್ಲ.

ಜೀನ್ಸ್ ಮಾಮ, ಬಳ್ಳಾರಿ:

ಗಂಗಾವತಿ ತಂಗೀ, ನಿನ್ನ ಉತ್ತರದ ಫೋಟೋ ತೆಗೆದು ಅಳಿಯನಿಗೆ ಕಳಿಸಿದೆ. ಒಂದು ಗಂಟೆ ಉತ್ತರ ಇಲ್ಲ. ಆಮೇಲೆ “ಬ್ರೌನಿಂಗ್ ವಿಷಯ ನಿಂಗೆ ಯಾರು ಹೇಳಿದ್ರು?” ಅಂತ ಬಂತು. ಅವನಿಗೆ ಅದು ಮೊದಲಿನಿಂದ ಗೊತ್ತಿತ್ತು, ಮುಚ್ಚಿಟ್ಟಿದ್ದ.

ಗೋಡೆಯ ಐದು ಜನರ ಮಾತಿಗೆ ನಮ್ಮ ಓವರ್‌ಲಾಕ್ ಮಷೀನಿನ ಹುಡುಗರು ತುಂಬಾ ಖುಷಿಪಟ್ಟರು. ಓದಿ ಹೇಳಿದ್ದೇ ತಪ್ಪಾಯಿತು, ರೇಟ್ ಜಾಸ್ತಿ ಮಾಡಿ ಅಂತ ಕೂತಿದ್ದಾರೆ.

ಬಾಜಿ ಅರ್ಧರ್ಧ ಅಂತ ಇತ್ಯರ್ಥ ಆಯಿತು. ನಾನು ಪ್ಯಾಂಟ್ ಕಳಿಸಬೇಕು, ಹೋಳಿಗೆ ಇಲ್ಲ. ಹೋಳಿಗೆ ಬೇಕಾದರೆ ಸಿಡಿಬಂಡಿಗೆ ಬಂದು ತಿನ್ನಬೇಕು. ಟಿಕೆಟ್ ನೋಡ್ತೀನಿ ಅಂದಿದ್ದಾನೆ. ನೋಡ್ತೀನಿ ಅಂದ್ರೆ ನಮ್ಮ ಅಕ್ಕನಿಗೆ ಬರ್ತೀನಿ ಅಂತಲೇ ಅರ್ಥ. ಆಗಲೇ ಶೇಂಗಾ ಹುರಿಯುವ ಮಾತಾಡುತ್ತಿದ್ದಾಳೆ.

ಸೊಂಟದ ಅಳತೆ ಕಳಿಸು ಅಂದೆ. ಹೋಗುವಾಗ ಮೂವತ್ತು ಇತ್ತು. ಈಗ ಮೂವತ್ತನಾಲ್ಕು ಅಂತೆ. ಗೋಡೆಯ ಐದು ಜನರಲ್ಲಿ ಒಬ್ಬನಾಗುವ ಯೋಚನೆಯೋ ಏನೋ.